ಪದಚರ್ಚೆ: ‘ಕಡುಗೆಂಪು’ ಎಂದರೆ ಕಪ್ಪಿನತ್ತ ವಾಲಿದ ಕೆಂಪೋ, ಅಚ್ಚ ಕೆಂಪೋ?

ಬಳಗದ ಎಲ್ಲರಿಗೂ ನಮಸ್ಕಾರ.

ಪದವಿಯ ಮೊದಲ ವರ್ಷದವರಿಗೆ ದೃಶ್ಯಕಲೆ ಮತ್ತು ಸಂಸ್ಕೃತಿಯ ಪರಿಚಯ ಮಾಡಿಕೊಡುವ ಪಾಠ ನನ್ನದು. ಇಲ್ಲಿ ಯಾರೂ ಕುಂಚ ಹಿಡಿಯುವುದಿಲ್ಲ. ಚಿತ್ರ ನೋಡುವುದು, ನೋಡಿದ್ದನ್ನು ಮಾತಿಗೆ ತರುವುದು, ಇಷ್ಟೇ ಕೆಲಸ. ಮೊದಲ ವಾರದ ಅಭ್ಯಾಸ ಪ್ರತಿವರ್ಷವೂ ಒಂದೇ. ಪರದೆಯ ಮೇಲೆ ಒಂದು ಚಿತ್ರ ಹಾಕಿ, ‘ಚೆನ್ನಾಗಿದೆ’, ‘ಮನಮುಟ್ಟುತ್ತದೆ’ ಇಂಥವನ್ನೆಲ್ಲ ಪಕ್ಕಕ್ಕಿಟ್ಟು ಕಣ್ಣಿಗೆ ಬಿದ್ದದ್ದನ್ನಷ್ಟೇ ಹತ್ತು ಸಾಲು ಬರೆಯಿರಿ ಎನ್ನುತ್ತೇನೆ. ಅರ್ಥ, ಕಾಲ, ಸಮಾಜ ಎಲ್ಲ ಆಮೇಲೆ. ಈ ಹತ್ತು ಸಾಲು ನೆಟ್ಟಗೆ ಬಂದರೆ ಅರ್ಧ ಪಾಠ ಮುಗಿದಂತೆ. ಬರುವುದಿಲ್ಲ ಎನ್ನುವುದು ಬೇರೆ ಮಾತು.

ಈ ಸಲ ಹಾಕಿದ್ದು ಯಾನ್ ವಾನ್ ಐಕ್ 1433ರಲ್ಲಿ ಬರೆದ ಒಬ್ಬ ಗಂಡಸಿನ ಚಿತ್ರ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸಣ್ಣ ಹಲಗೆ, ಎತ್ತರ ಸುಮಾರು 26 ಸೆಂಟಿಮೀಟರ್. ಕಲಾವಿದ ತನ್ನನ್ನೇ ಬರೆದುಕೊಂಡದ್ದಿರಬಹುದು ಎಂಬ ಊಹೆ ಬಹಳ ಹಳೆಯದು. ಹಿಂದೆಲ್ಲ ಕತ್ತಲೆ, ಕತ್ತಲೆಯೊಳಗಿಂದ ಒಂದು ಮುಖ, ಮುಖದ ಮೇಲೆ ಸುತ್ತಿ ಮಡಿಸಿ ಕಟ್ಟಿದ ದೊಡ್ಡ ಕೆಂಪು ವಸ್ತ್ರ. ನೋಡಿದ ಕೂಡಲೇ ಕಣ್ಣು ಹೋಗುವುದು ಆ ವಸ್ತ್ರಕ್ಕೇ.

ಒಬ್ಬ ವಿದ್ಯಾರ್ಥಿನಿ ‘ತಲೆಗೆ ಕಡುಗೆಂಪು ಬಟ್ಟೆ ಸುತ್ತಿಕೊಂಡಿದ್ದಾನೆ’ ಎಂದು ಬರೆದಿದ್ದಳು. ನಾನು ಅಂಚಿನಲ್ಲಿ ‘ಮಡಿಕೆಗಳ ಒಳಗೆ ಮಾತ್ರ ಕಡುಗೆಂಪು, ಬೆಳಕು ಬಿದ್ದ ಕಡೆ ಅಲ್ಲ’ ಎಂದು ಗೀಚಿದೆ. ಮರುದಿನ ಹಾಳೆ ಹಿಡಿದುಕೊಂಡು ಬಂದಳು. “ಮೇಡಂ, ಬೆಳಕು ಬಿದ್ದ ಕಡೆಯನ್ನೇ ನಾನು ಹೇಳಿದ್ದು. ಕಡುಗೆಂಪು ಅಂದರೆ ಪೂರ್ತಿ ಕೆಂಪು ಅಲ್ಲವಾ?” ಅಲ್ಲ, ಕಪ್ಪು ಬೆರೆತ ಹಾಗಿರುವ ಕೆಂಪು ಎಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, “ಕಡುಬಡತನ ಅಂದರೆ ಕಪ್ಪು ಬಡತನ ಅಲ್ಲವಲ್ಲ ಮೇಡಂ” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ತರಗತಿಯಲ್ಲಿ ಕೈ ಎತ್ತಿಸಿ ನೋಡಿದೆ. ಕೈಗಳು ಎರಡು ಪಾಲಾದವು, ಎರಡೂ ಕಡೆ ತಮ್ಮದೇ ಸರಿ ಎಂಬ ಖಾತ್ರಿ. ಅದಕ್ಕೇ ಈ ಓಲೆ.

ಸಮಸ್ಯೆ ಏನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಬಣ್ಣವನ್ನು ಸರಿಯಾಗಿ ಗುರುತಿಸಲು ಮೂರು ಸಂಗತಿ ಹೇಳಬೇಕು. ಅದು ಕೆಂಪೋ ಹಸಿರೋ ನೀಲಿಯೋ ಎನ್ನುವುದು ಒಂದು. ಬಿಳಿಗೆ ಹತ್ತಿರವೋ ಕಪ್ಪಿಗೆ ಹತ್ತಿರವೋ ಎನ್ನುವುದು ಇನ್ನೊಂದು. ಬಣ್ಣ ತುಂಬಿಕೊಂಡಿದೆಯೋ ಬೂದಿನತ್ತ ಇಳಿದಿದೆಯೋ ಎನ್ನುವುದು ಮೂರನೆಯದು. ಹ್ಯೂ, ವ್ಯಾಲ್ಯೂ, ಸ್ಯಾಚುರೇಶನ್ ಎಂದು ಕಲಾಶಾಲೆಗಳಲ್ಲಿ ಹೇಳುವುದು ಇವನ್ನೇ. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಈ ಮೂರಕ್ಕೂ ಅಳತೆ ಕೊಟ್ಟು, ಬಣ್ಣಗಳಿಗೆ ಹೆಸರಿನ ಬದಲು ಅಂಕಿಗಳಲ್ಲಿ ವಿಳಾಸ ಬರೆಯುವ ಪದ್ಧತಿ ತಂದ. ಅವನ ಲೆಕ್ಕದಲ್ಲಿ 5ಆರ್ 4/14 ಎಂದರೆ ನಡುಗೆಂಪು, ಬೆಳಕು ಹತ್ತರಲ್ಲಿ ನಾಲ್ಕು, ತುಂಬುವಿಕೆ ಹದಿನಾಲ್ಕು. ಹೆಸರುಗಳ ಗೊಂದಲ ಬೇಡವೆಂದೇ ಅವನು ಅಂಕಿಗೆ ಹೋದದ್ದು. ನಾನು ಹೋಗಲಾರೆ, ನನಗೆ ಹೆಸರೇ ಬೇಕು.

ನಮ್ಮ ಟಿಪ್ಪಣಿಗಳಲ್ಲಿ ಸದ್ಯಕ್ಕೆ ಈ ಹೊರೆಯನ್ನೆಲ್ಲ ‘ಛಾಯೆ’ ಒಂದೇ ಹೊತ್ತುಕೊಂಡಿದೆ. ಬಣ್ಣಕ್ಕೆ ಬಿಳಿ ಬೆರೆಸಿದರೂ ಛಾಯೆ, ಕಪ್ಪು ಬೆರೆಸಿದರೂ ಛಾಯೆ, ಬೂದು ಬೆರೆಸಿದರೂ ಛಾಯೆ. ಗೋಳಕ್ಕೆ ಉಬ್ಬು ಬರಲೆಂದು ಪೆನ್ಸಿಲಿನಲ್ಲಿ ಉಜ್ಜುವುದೂ ಛಾಯೆ ಕೊಡುವುದೇ. ನೆರಳಂತೂ ಹುಟ್ಟಿನಿಂದಲೇ ಛಾಯೆ. ಫೋಟೋ ಛಾಯಾಚಿತ್ರ. ಹೀಗಾಗಿ ‘ಈ ಛಾಯಾಚಿತ್ರದ ಛಾಯೆಯ ಭಾಗದಲ್ಲಿ ನೀಲಿಯ ಛಾಯೆ ಗಾಢವಾಗಿದೆ’ ಎಂಬ ವಾಕ್ಯವನ್ನು ನಾನೇ ಒಮ್ಮೆ ಕಪ್ಪುಹಲಗೆಯ ಮೇಲೆ ಬರೆದು, ಓದಿಕೊಂಡು, ಯಾರೂ ನಗುವ ಮೊದಲೇ ಒರೆಸಿದ್ದುಂಟು.

ಆದರೆ ಕನ್ನಡದಲ್ಲಿ ಪದ ಇಲ್ಲದೆ ಇಲ್ಲ. ಬಣ್ಣದ ಹೆಸರಿನ ಹಿಂದೆ ಬಂದು ಕೂರುವ ಕಡು, ತಿಳಿ, ನಸು, ಎಳೆ, ಅಚ್ಚ, ಹಚ್ಚ ಇವನ್ನು ಮುಂದಿಟ್ಟುಕೊಂಡು ಕೂತರೆ ಸಾಕಷ್ಟು ಕೆಲಸ ಆಗಬಹುದು ಎನ್ನಿಸುತ್ತದೆ. ತೊಂದರೆ ಇರುವುದು ಯಾವುದು ಯಾವ ಅಳತೆಗೆ ಸೇರಿದ್ದು ಎಂಬಲ್ಲಿ.

ಹಸಿರಿನಿಂದ ಶುರುಮಾಡಿ ನೋಡಿ. ‘ಹಚ್ಚಹಸಿರು’ ಎಂದರೆ ಯಾರಿಗೂ ಅನುಮಾನವಿಲ್ಲ: ಹಸಿರು ತುಂಬಿ ತುಳುಕಬೇಕು. ‘ಕಡುಹಸಿರು’ ಎಂದರೂ ಅನುಮಾನವಿಲ್ಲ: ಕತ್ತಲೆಯ ಕಡೆಗೆ ಸರಿದ ಹಸಿರು. ಎಂದರೆ ಹಸಿರಿನ ಮಟ್ಟಿಗೆ ಭಾಷೆ ಎರಡು ಅಳತೆಗಳನ್ನೂ ತಾನಾಗಿಯೇ ಬೇರೆ ಮಾಡಿಟ್ಟಿದೆ. ತುಂಬಿಕೊಂಡದ್ದನ್ನು ಹೇಳಲು ‘ಹಚ್ಚ’ ಇರುವುದರಿಂದ ‘ಕಡು’ ನಿರಾಳವಾಗಿ ಕಪ್ಪಿನತ್ತ ಹೋಗಿದೆ. ಆದರೆ ‘ಹಚ್ಚ’ ಹಸಿರು ಬಿಟ್ಟು ಇನ್ನಾರ ಜೊತೆಗೂ ಸೇರುವುದಿಲ್ಲ. ಹಚ್ಚಗೆಂಪು, ಹಚ್ಚನೀಲಿ ಎಂದರೆ ಕೇಳಿದವರು ನಗುತ್ತಾರೆ. ಕೆಂಪಿಗೆ ಇಂಥ ಜೊತೆಗಾರ ಇಲ್ಲದ್ದರಿಂದ ‘ಕಡು’ವೇ ಎರಡೂ ಕಡೆ ದುಡಿಯಬೇಕಾಗಿದೆ. ನನ್ನ ತರಗತಿ ಎರಡಾಗಿ ಒಡೆದದ್ದು ಇಲ್ಲಿಯೇ ಎಂದು ನನ್ನ ಗುಮಾನಿ.

ಈಗ ಹಳದಿ. ‘ಕಡುಹಳದಿ’ ಎಂದಾಗ ನಿಮ್ಮ ಕಣ್ಣೆದುರು ಏನು ಬರುತ್ತದೆ? ನನಗೆ ಬರುವುದು ಒಳ್ಳೆಯ ತುಂಬುಹಳದಿ. ಕಪ್ಪು ಬೆರೆತ ಹಳದಿ ಅಲ್ಲವೇ ಅಲ್ಲ, ಏಕೆಂದರೆ ಹಳದಿಗೆ ಕಪ್ಪು ಬೆರೆಸಿದರೆ ಅದು ಪಾಚಿಯ ಬಣ್ಣವಾಗುತ್ತದೆ, ಹಳದಿ ಎಂಬ ಹೆಸರೇ ಉಳಿಯುವುದಿಲ್ಲ. ನೀಲಿಗೆ ಬಂದರೆ ಇದು ತಿರುಗಾಮುರುಗಾ: ಕಡುನೀಲಿ ಎಂದರೆ ಕತ್ತಲ ನೀಲಿಯೇ.

ಇದು ಬರಿಯ ನುಡಿಯ ಚಪಲ ಎಂದುಕೊಂಡಿದ್ದೆ, ಬಣ್ಣಗಳ ಸ್ವಭಾವದಲ್ಲೇ ಇದಕ್ಕೆ ಕಾರಣವಿದೆ. ಮನ್ಸೆಲ್ ಮೊದಲು ಎಲ್ಲ ಬಣ್ಣಗಳನ್ನೂ ಒಂದು ಚೆಂಡಿನ ಆಕಾರದೊಳಗೆ ಕೂರಿಸಲು ನೋಡಿದ, ಕೂರಲಿಲ್ಲ. ಹಳದಿ ಅತಿ ಹೆಚ್ಚು ತುಂಬಿಕೊಳ್ಳುವುದು ಬಿಳಿಗೆ ಹತ್ತಿರದ ಎತ್ತರದಲ್ಲಿ, ನೇರಳೆಯತ್ತ ವಾಲಿದ ನೀಲಿ ಅತಿ ಹೆಚ್ಚು ತುಂಬಿಕೊಳ್ಳುವುದು ಕಪ್ಪಿಗೆ ಹತ್ತಿರದ ತಗ್ಗಿನಲ್ಲಿ, ಕೆಂಪು ಇವೆರಡರ ನಡುವೆ. ಚೆಂಡು ಹೋಗಿ ಕೊಂಬೆಗಳು ಏರುಪೇರಾದ ಮರದಂಥ ಆಕಾರ ಬಂತು. ಅಂದರೆ ನೀಲಿಯಲ್ಲಿ ‘ತುಂಬಿದ್ದು’ ಮತ್ತು ‘ಕತ್ತಲಾದದ್ದು’ ನೆರೆಹೊರೆಯವು, ‘ಕಡು’ ಎರಡಕ್ಕೂ ಸಲ್ಲುತ್ತದೆ. ಹಳದಿಯಲ್ಲಿ ಅವು ಎರಡು ದಿಕ್ಕು, ‘ಕಡು’ ಒಂದನ್ನು ಆರಿಸಿಕೊಳ್ಳಲೇಬೇಕು, ತನ್ನ ಮೂಲ ಅರ್ಥವಾದ ತೀವ್ರತೆಯನ್ನೇ ಆರಿಸಿಕೊಂಡಿದೆ. ಕೆಂಪಿನಲ್ಲಿ ಮಾತ್ರ ಅದಕ್ಕೆ ದಾರಿ ತಿಳಿಯದಾಗಿದೆ. ಹೀಗೆ ನೋಡಿದರೆ ನನ್ನ ವಿದ್ಯಾರ್ಥಿನಿಯೂ ಸರಿ, ನಾನೂ ಸರಿ. ಅಂಕ ಕೊಡುವವರಿಗೆ ಇದಕ್ಕಿಂತ ಕಷ್ಟದ ಸ್ಥಿತಿ ಇಲ್ಲ.

ಉಳಿದವುಗಳದ್ದು ಇಷ್ಟು ತಂಟೆಯಿಲ್ಲ. ‘ನಸು’ ಎಂದರೆ ಕೊಂಚ, ನಸುನಗು, ನಸುಗತ್ತಲೆ ಇದ್ದಂತೆ. ನಸುಗೆಂಪಿನಲ್ಲಿ ಕೆಂಪು ಎಷ್ಟಿದೆ ಎಂಬುದರ ಮೇಲೆ ಕಣ್ಣು, ಬೆಳಕು ಎಷ್ಟಿದೆ ಎಂಬುದರ ಮೇಲಲ್ಲ. ‘ತಿಳಿ’ ಬೆಳಕಿನ ಕಡೆಯದು, ಆದರೆ ಅದರೊಳಗೆ ನೀರಿದೆ: ತಿಳಿನೀರು, ತಿಳಿಗೊಳ. ಜಲವರ್ಣದಲ್ಲಿ ನೀರು ಹೆಚ್ಚಿಸಿ ಹಚ್ಚಿದ ನೀಲಿ ನಿಜಕ್ಕೂ ತಿಳಿನೀಲಿ, ಕೆಳಗಿನ ಕಾಗದ ಕಾಣುತ್ತದೆ. ತೈಲವರ್ಣದಲ್ಲಿ ಬಿಳಿ ಬೆರೆಸಿದ ನೀಲಿ ಅಷ್ಟೇ ಬೆಳ್ಳಗಿದ್ದರೂ ಮಂದ, ಅದರಾಚೆ ಏನೂ ಕಾಣದು. ಅದನ್ನೂ ತಿಳಿನೀಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಅನ್ನುತ್ತೇನೆ. ‘ಎಳೆ’ ಇನ್ನೂ ಸೂಕ್ಷ್ಮ. ಎಳೆಹಸಿರು ಎಂದರೆ ಹಸಿರಿಗೆ ಬಿಳಿ ಬೆರೆಸಿದ್ದಲ್ಲ, ಚಿಗುರಿನ ಹಾಗೆ ಹಳದಿಯತ್ತ ತಿರುಗಿದ್ದು. ಇಲ್ಲಿ ಬದಲಾಗುವುದು ಬಣ್ಣವೇ.

ಬೆಳಕಿನ ಅಳತೆಗೆ ಒಂದು ಹೆಸರು ಬೇಕೇಬೇಕು ಎಂದು ಮನವರಿಕೆ ಮಾಡಿಸಲು ನಾನು ಕ್ಲೋದ್ ಮೊನೆಯ ‘ಇಂಪ್ರೆಶನ್, ಸನ್‌ರೈಸ್’ ತೋರಿಸುತ್ತೇನೆ. 1872ರದು, ಲೆ ಹಾವ್ರ್ ಬಂದರಿನ ಮುಂಜಾವು. ನೀಲಿಬೂದು ಮಂಜಿನಲ್ಲಿ ಕಿತ್ತಳೆ ಸೂರ್ಯ ಕೆಂಡದಂತೆ ಎದ್ದು ಕಾಣುತ್ತಾನೆ. ಈಗ ಮೊಬೈಲಿನಲ್ಲಿ ಅದೇ ಚಿತ್ರವನ್ನು ಕಪ್ಪುಬಿಳುಪು ಮಾಡಿ ಎನ್ನುತ್ತೇನೆ. ಸೂರ್ಯ ಹೆಚ್ಚುಕಡಿಮೆ ಮಾಯ. ಸುತ್ತಲ ಆಕಾಶಕ್ಕೂ ಅವನಿಗೂ ಬಣ್ಣ ಬೇರೆ, ಬೆಳಕು ಸುಮಾರಾಗಿ ಒಂದೇ. ತರಗತಿಯಲ್ಲಿ ಒಮ್ಮೆಲೇ ಗುಜುಗುಜು ಏಳುತ್ತದೆ. ಆಗ ‘ಯಾವುದು ಉಳಿಯಿತು, ಯಾವುದು ಹೋಯಿತು?’ ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಪದವಿಲ್ಲ. ‘ಹೊಳಪು’ ಎನ್ನುತ್ತಾರೆ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಹಾಗೇ ಇದೆಯಂತೆ. ಒಪ್ಪಲು ಕಷ್ಟ. ವಾರ್ನಿಷ್ ಹಚ್ಚಿದ ಚಿತ್ರ ಮಿರುಗುವುದು ಹೊಳಪು, ಅಲ್ಲಿ ಕಪ್ಪು ಬಣ್ಣವೂ ಹೊಳೆಯುತ್ತದೆ. ನಾನು ಸದ್ಯಕ್ಕೆ ‘ಬೆಳಕುಮಟ್ಟ’ ಎನ್ನುತ್ತಿದ್ದೇನೆ. ಚೆಂದವಿಲ್ಲ, ಗೊತ್ತು.

ತುಂಬುವಿಕೆಗೆ ‘ಪರ್ಯಾಪ್ತತೆ’ ಎಂದು ಬರೆದವರಿದ್ದಾರೆ, ರಸಾಯನಶಾಸ್ತ್ರದ ಪರ್ಯಾಪ್ತ ದ್ರಾವಣದಿಂದ ಎತ್ತಿಕೊಂಡದ್ದು. ‘ಪರ್ಯಾಪ್ತ ಕೆಂಪು’ ಎಂದರೆ ನನಗಂತೂ ಕೆಂಪು ಕಾಣುವುದಿಲ್ಲ, ಬೀಕರು ಕಾಣುತ್ತದೆ. ‘ಢಾಳು’ ಎಷ್ಟೋ ವಾಸಿ. ಢಾಳಾದ ಬಣ್ಣ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಅದರ ಜೊತೆಗೆ ‘ಅತಿಯಾಯಿತು’ ಎಂಬ ಮೂಗುಮುರಿತವೂ ಬಂದುಬಿಡುತ್ತದೆ, ಮೊದಲ ವಾರದಲ್ಲಿ ನಾನು ಬೇಡವೆಂದದ್ದು ಅದನ್ನೇ. ಉಳಿದದ್ದು ‘ಅಚ್ಚ’. ಅಚ್ಚಬಿಳಿ, ಅಚ್ಚಕೆಂಪು, ಕಲಬೆರಕೆ ಇಲ್ಲದ್ದು. ‘ಅಚ್ಚತನ’ ಎಂದು ಅಳತೆಯ ಹೆಸರು ಮಾಡಿದರೆ ಹೇಗೆ?

ಅದರ ಎದುರು ತುದಿಗೆ ‘ಮಾಸಲು’ ಎಂದು ಹಾಕಿಕೊಂಡಿದ್ದೆ. ಅದೂ ಕೈಕೊಟ್ಟಿತು. ವ್ಯಾನ್ ಗೋ 1888ರ ಅಕ್ಟೋಬರಿನಲ್ಲಿ ಆರ್ಲ್‌ನಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಬರೆದ. ಗೋಡೆಗಳು ತೆಳುನೇರಳೆ ಎಂದು ತಮ್ಮನಿಗೆ ಬರೆದ ಪತ್ರದಲ್ಲಿದೆ. ಇವತ್ತು ನೋಡಿದರೆ ಗೋಡೆ ನೀಲಿ. ಅವನು ಬಳಸಿದ ಕೆಂಪು ಬೆಳಕಿಗೆ ತಾಳಲಿಲ್ಲ, ನೇರಳೆಯೊಳಗಿನ ಕೆಂಪು ಹೊರಟುಹೋಗಿ ನೀಲಿ ಉಳಿಯಿತು. ‘ಬಣ್ಣ ಮಾಸಿದೆ’ ಎಂದು ವಿದ್ಯಾರ್ಥಿಗಳು ಬರೆದರು. ಮಾಸಿದ ಬಟ್ಟೆ ಎಂದರೆ ಕೊಳೆಯಾದದ್ದು, ಮಾಸದ ನೆನಪು ಎಂದರೆ ಅಳಿಯದ್ದು. ಇಲ್ಲಿ ಕೊಳೆಯೂ ಇಲ್ಲ, ಬಣ್ಣ ಬೂದಾಗಿಯೂ ಇಲ್ಲ, ಒಂದು ಬಣ್ಣ ಇನ್ನೊಂದಾಗಿದೆ. ‘ಬಣ್ಣ ತಿರುಗಿದೆ’ ಎನ್ನಬಹುದೇ? ‘ಬಣ್ಣದ ಬಣ್ಣ ಹೋಗಿದೆ’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ಎಲ್ಲರೂ ನಕ್ಕರು. ಹಚ್ಚುವ ವಸ್ತುವಿಗೂ ಕಣ್ಣಿಗೆ ಕಾಣುವ ಗುಣಕ್ಕೂ ಕನ್ನಡದಲ್ಲಿ ‘ಬಣ್ಣ’ ಒಂದೇ ಪದ ಎಂಬುದನ್ನು ಅವನು ತನಗರಿವಿಲ್ಲದೆಯೇ ತೋರಿಸಿಕೊಟ್ಟಿದ್ದ.

ಪ್ರಶ್ನೆಗೆ ಸೇರದ ಒಂದು ಮಾತು, ವಾನ್ ಐಕ್ ನೆಪದಲ್ಲಿ. ಪೋರ್ಟ್ರೇಟ್‌ಗೆ ನಾವು ‘ಭಾವಚಿತ್ರ’ ಎನ್ನುತ್ತೇವೆ, ಅರ್ಜಿಗೆ ಅಂಟಿಸುವುದೂ ಭಾವಚಿತ್ರವೇ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಹೋಲುವ ಚಿತ್ರ ‘ವಿದ್ಧಚಿತ್ರ’. ನೋಡಿದೊಡನೆ ಶೃಂಗಾರಾದಿ ರಸ ಗೊತ್ತಾಗುವುದು ‘ಭಾವಚಿತ್ರ’. ಆ ಲೆಕ್ಕದಲ್ಲಿ ನಮ್ಮ ಗುರುತಿನ ಚೀಟಿಗಳಲ್ಲಿ ಇರುವುದೆಲ್ಲ ವಿದ್ಧಚಿತ್ರ. ಪದ ಈ ದಾರಿಗೆ ಯಾವಾಗ ಹೊರಳಿತು ಎಂದು ಬಲ್ಲವರಿದ್ದರೆ ಬೇರೆ ಎಳೆಯಲ್ಲಿ ಬರೆಯಿರಿ, ಇಲ್ಲಿ ಬೆರೆಸುವುದು ಬೇಡ.

ಇಲ್ಲಿ ನಾನು ಕೇಳುವುದು ಎರಡೇ. ಕೆಂಪಿಗೆ, ಹಳದಿಗೆ, ನೀಲಿಗೆ ‘ಹಚ್ಚಹಸಿರಿ’ನ ‘ಹಚ್ಚ’ದಂಥ ಜೊತೆಗಾರ ಪದ ನಿಮ್ಮ ಮನೆಮಾತಿನಲ್ಲಿ ಇದೆಯೇ? ನೂಲಿಗೆ ಬಣ್ಣ ಕಟ್ಟುವವರು, ಗೋಡೆಗೆ ಬಣ್ಣ ಬಳಿಯುವವರು ಡಾರ್ಕು, ಲೈಟು ಬಿಟ್ಟು ತಮ್ಮತಮ್ಮಲ್ಲಿ ಏನೆನ್ನುತ್ತಾರೆ, ಕಿವಿಯಾರೆ ಕೇಳಿದವರು ತಿಳಿಸಿ. ನಿಘಂಟು ನಾನೇ ನೋಡಿಕೊಳ್ಳಬಲ್ಲೆ. ಇನ್ನೊಂದು, ‘ಕಡುಗೆಂಪು’ ಎಂದು ಓದಿದ ಕೂಡಲೇ, ಯೋಚನೆ ಮಾಡದೆ, ನಿಮಗೆ ಕಂಡ ಕೆಂಪು ಯಾವುದು?

ಆ ಹುಡುಗಿಯ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ. ಅಂಚಿನಲ್ಲಿ ನಾನು ಗೀಚಿದ್ದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಂಕ ಕೊಡದೆ ಇಟ್ಟುಕೊಂಡಿದ್ದೇನೆ. ಸೋಮವಾರದೊಳಗೆ ಬರೆದರೆ ಉಪಕಾರವಾಗುತ್ತದೆ.