ಓದುಗರ ಸ್ಪಂದನ: ಸ್ಕ್ಯಾನಿಂಗ್ ನಾರ್ಮಲ್, ನೋವು ಮಾತ್ರ ನಿಂತಿಲ್ಲ

ಕಳೆದ ಸಂಚಿಕೆಯಲ್ಲಿ 22 ವರ್ಷದ ಓದುಗಿಯೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಕಿಬ್ಬೊಟ್ಟೆಯ ಬಲಬದಿಯಲ್ಲಿ ಆಗಾಗ ನೋವು, ಮುಟ್ಟಿನ ಹೊತ್ತಿಗಂತೂ ಎದ್ದು ಓಡಾಡಲಾಗದಷ್ಟು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಿಸಿಲ್ಲ. ‘ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ’ ಎನ್ನುತ್ತಾರಂತೆ ಮನೆಯವರು. ಮತ್ತೆ ಡಾಕ್ಟರ ಬಳಿ ಹೋಗಲೇ, ಸುಮ್ಮನಿರಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಾಗಿದೆ, ಆದರೂ ಕತ್ತರಿ ಹಾಕಲು ಮನಸ್ಸಾಗಲಿಲ್ಲ.

*

ತಂಗೀ, ‘ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೇನೋ’ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ನನಗೆ ಸಿಟ್ಟು ಬಂತು. ನಿನ್ನ ಮೇಲಲ್ಲ. ನಿನ್ನ ಬಾಯಲ್ಲಿ ಆ ಮಾತು ಬರೋ ಹಾಗೆ ಮಾಡಿದವರ ಮೇಲೆ.

ಹೈಸ್ಕೂಲಿನಲ್ಲೇ ನನಗೆ ಇದು ಶುರುವಾಯಿತು. ಪರೀಕ್ಷೆಯ ಮಧ್ಯೆ ಎದ್ದು ಹೊರಗೆ ಹೋದರೆ ‘ಓದಿಲ್ಲ, ಅದಕ್ಕೇ ನಾಟಕ’ ಅನ್ನುತ್ತಿದ್ದರು. ಮನೆಯಲ್ಲಿ ಬೈಯುತ್ತಿರಲಿಲ್ಲ, ಆದರೆ ನಂಬುತ್ತಲೂ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ತಿಂಗಳು ರಜೆ ಹಾಕೋಕೆ ಹೊಸ ಹೊಸ ಕಾರಣ ಹುಡುಕಬೇಕಾಗಿತ್ತು. ನೆಗಡಿ, ಜ್ವರ, ನೆಂಟರ ಮದುವೆ, ಎಲ್ಲ ಆಯಿತು. ನಿಜವಾದ ಕಾರಣ ಮಾತ್ರ ಯಾವತ್ತೂ ಬರೆಯಲಿಲ್ಲ. ಬಿಸಿನೀರಿನ ಚೀಲ ಇಟ್ಟೂ ಇಟ್ಟೂ ಹೊಟ್ಟೆಯ ಚರ್ಮದ ಮೇಲೆ ಬಲೆ ಹೆಣೆದ ಹಾಗೆ ಕಂದು ಗೆರೆ ಮೂಡಿದ್ದವು. ಕೊನೆಗೆ ಒಬ್ಬ ಲೇಡಿ ಡಾಕ್ಟರ್ ರಿಪೋರ್ಟುಗಳ ಕಟ್ಟು ಬದಿಗಿಟ್ಟು, ಆ ಗೆರೆಗಳನ್ನೇ ನೋಡಿದರು. ‘ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಕೂತಾಗ ನೋವು ಹೆಚ್ಚಾಗುತ್ತಾ?’ ಅಂತ ಕೇಳಿದರು. ಆಗುತ್ತಿತ್ತು! ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ, ಹೇಳಿಕೊಳ್ಳೋಕೆ ನನಗೂ ನಾಚಿಕೆ.

ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿ ಮಾಡಿದಾಗ ಎಂಡೊಮೆಟ್ರಿಯೋಸಿಸ್ ಅಂತ ಗೊತ್ತಾಯಿತು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಅಂಟಿಕೊಂಡು ಬೆಳೆಯುವುದು. ನನಗದು ಗರ್ಭಕೋಶದ ಹಿಂದೆ ಚಿಕ್ಕ ಚಿಕ್ಕ ಚುಕ್ಕೆಗಳಾಗಿತ್ತು. ಅಂಥವು ಸ್ಕ್ಯಾನಿಂಗ್‌ನಲ್ಲಿ ಕಾಣದೇ ಹೋಗಬಹುದು, ಇದನ್ನು ನೆನಪಿಡು. ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ಶೇ. 10ರಷ್ಟು ಮಂದಿಗೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇಷ್ಟು ಜನ ನಾಟಕ ಆಡುತ್ತಾರಾ?

ನನಗೆ ಪೂರ್ತಿ ವಾಸಿಯಾಗಿದೆ ಅಂತ ಸುಳ್ಳು ಹೇಳಲಾರೆ. ಹಾರ್ಮೋನ್ ಮಾತ್ರೆಯಲ್ಲಿ ನೋವು ಹಿಡಿತದಲ್ಲಿದೆ. ಈಗ ಕಾರಣ ಹುಡುಕದೇ ರಜೆ ಹಾಕುತ್ತೇನೆ.
– ಒಬ್ಬ ಅಕ್ಕ

*

ಇವರಿಗಾದದ್ದೇ ನಮ್ಮ ಓದುಗಿಗೂ ಆಗಿದೆ ಎನ್ನುವಂತಿಲ್ಲ. ಆದರೆ ‘ಯಾರೂ ಕೇಳಿರಲಿಲ್ಲ’ ಎಂಬ ಮಾತು ಬೇರೆ ಪತ್ರಗಳಲ್ಲೂ ಇತ್ತು.

*

ಹೊಟ್ಟೆನೋವಿಗೆ ಪತ್ರಿಕೆಯಲ್ಲಿ ಮದ್ದು ಸಿಗುತ್ತದೆಯೇ? ಆಸ್ಪತ್ರೆಗೆ ಹೋಗಿ.
– ಕೆ. ಆರ್.

*

ಒಮ್ಮೆ ಹೋಗಿಬಂದಿದ್ದಾರೆ. ಇನ್ನೊಮ್ಮೆ ಹೋಗಲು ಧೈರ್ಯ ಬೇಕಿತ್ತು, ಅಷ್ಟೆ.

*

ನಮ್ಮ ಕಾಲದಲ್ಲೂ ಇದೆಲ್ಲ ಇತ್ತು, ಯಾರೂ ಇಷ್ಟು ದೊಡ್ಡದು ಮಾಡುತ್ತಿರಲಿಲ್ಲ. ಮದುವೆಯಾಗಿ ಒಂದು ಮಗುವಾಗಲಿ, ತಾನೇ ಹೋಗುತ್ತದೆ. ನನಗೆ ಹೋಯಿತು. ಅಂದಹಾಗೆ, ಈಗಿನ ಹುಡುಗಿಯರು ಮದುವೆಯನ್ನು ಮುಂದೂಡುವುದರ ಬಗ್ಗೆಯೂ ನಿಮ್ಮ ಪತ್ರಿಕೆ ಬರೆಯಬೇಕು.
– ಹಿರಿಯ ಓದುಗಿ

*

ಅವರ ನೋವು ಹೋದದ್ದು ಸಂತೋಷ. ಬಸಿರಿನಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ಆರಾಮವಾಗುವುದುಂಟು, ಹೆರಿಗೆಯ ನಂತರ ನೋವು ಮರಳುವುದೂ ಉಂಟು. ನಮ್ಮ ಓದುಗಿಗೆ ನೋವಿರುವುದು ಈಗ.

*

ಸ್ತ್ರೀರೋಗ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ಮಗಳೇ, ನೋವು ಎಂದರೆ ಸಾಲದು, ಯಾವಾಗ ಎಂದು ಬರೆದಿಡು. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಒಂದು ಬದಿಯಲ್ಲಿ ಬಂದು, ಒಂದೆರಡು ದಿನದೊಳಗೆ ಹೋದರೆ ಅಂಡ ಬಿಡುಗಡೆಯ ನೋವಿರಬಹುದು, ಅದಕ್ಕೆ ಹೆದರಬೇಕಿಲ್ಲ. ಅಂಡಾಶಯದಲ್ಲಿ ಸಣ್ಣ ನೀರುಗುಳ್ಳೆಗಳು ಎದ್ದು ಎರಡು ಮೂರು ತಿಂಗಳಲ್ಲಿ ತಾವೇ ಕರಗುವುದೂ ಸಾಮಾನ್ಯ. ಮುಟ್ಟಿನ ನೋವಿನ ಮಾತ್ರೆಯನ್ನು ಡಾಕ್ಟರ್ ಬರೆದುಕೊಟ್ಟಿದ್ದರೆ, ಸಹಿಸಿ ಸಹಿಸಿ ಕೊನೆಗೆ ನುಂಗಬೇಡ, ಶುರುವಿನಲ್ಲೇ ತಗೋ. ನೋವು ತರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಮೈಯಲ್ಲಿ ತಯಾರಾಗುವುದನ್ನೇ ಅದು ತಡೆಯುವುದು.

ನಾಳೆ ನೋಡೋಣ ಎನ್ನಬಾರದ ಸಂದರ್ಭಗಳೂ ಇವೆ. ದಿಢೀರನೆ ತಡೆಯಲಾಗದ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ರಕ್ತ ಓಡಾಟ ನಿಂತರೆ ಅಂಡಾಶಯವೇ ಹೋಗುತ್ತದೆ, ಗಂಟೆಗಳ ಲೆಕ್ಕ. ಬಲಬದಿಯಾದ್ದರಿಂದ ಅಪೆಂಡಿಕ್ಸ್ ಕೂಡ ನೋಡಿಸಬೇಕು. ಜ್ವರ, ವಾಸನೆಯ ಬಿಳಿಸೆರಗು ಇದ್ದರೆ ಸೋಂಕಿರಬಹುದು. ಮುಟ್ಟು ತಪ್ಪಿ ನೋವು ಬಂದರೆ, ತಲೆಸುತ್ತಿದರೆ, ಬಸಿರು ನಳಿಕೆಯಲ್ಲಿ ನಿಂತಿರಬಹುದು. ಆಗ ಡಾಕ್ಟರ್ ಕೇಳುವ ಪ್ರಶ್ನೆಗೆ ನಿಜವನ್ನೇ ಹೇಳು, ಅಮ್ಮನನ್ನು ಹೊರಗೆ ಕೂರಿಸಿಯಾದರೂ ಸರಿ.

*

ಈ ಪತ್ರವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

*

ಇದು ಪಿಸಿಒಡಿ, ಅಂದರೆ ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ, ಅನುಮಾನವೇ ಬೇಡ. ನನ್ನ ಮಗಳಿಗೂ ಇದೆ. ತಿಂಗಳುಗಟ್ಟಲೆ ಮುಟ್ಟಾಗುವುದಿಲ್ಲ, ಮುಖದ ತುಂಬ ಮೊಡವೆ. ತೂಕ ಇಳಿಸು ಎಂದರೆ ನನ್ನ ಜೊತೆ ಮಾತು ಬಿಡುತ್ತಾಳೆ. ಏನು ಮಾಡಲಿ ಹೇಳಿ.
– ಒಬ್ಬ ತಂದೆ

*

ಪಿಸಿಒಡಿಯಲ್ಲಿ ಮುಖ್ಯವಾಗಿ ಕಾಡುವುದು ಮುಟ್ಟಿನ ಏರುಪೇರು, ಇಂಥ ನೋವಲ್ಲ. ಮಗಳ ವಿಷಯಕ್ಕೆ ಇನ್ನೊಮ್ಮೆ ಬರೆಯಿರಿ. ಸಾಧ್ಯವಾದರೆ ಮಗಳೇ ಬರೆಯಲಿ.

*

ನನಗೆ ಲ್ಯಾಪರೋಸ್ಕೋಪಿಯೂ ನಾರ್ಮಲ್ ಬಂತು. ಹಾಗಂತ ನೋವು ಸುಳ್ಳಾಗಲಿಲ್ಲ. ಕಡೆಗೆ ತಿಳಿದದ್ದು, ಸೊಂಟದ ಗೂಡಿನ ತಳದಲ್ಲಿರುವ ಸ್ನಾಯುಗಳು ಸದಾ ಬಿಗಿದುಕೊಂಡೇ ಇದ್ದವು ಅಂತ. ಫಿಸಿಯೋಥೆರಪಿಯಲ್ಲಿ ಅವನ್ನು ಸಡಿಲಬಿಡುವುದನ್ನು ಕಲಿಸುತ್ತಾರೆ. ಎಲ್ಲ ಫಿಸಿಯೋಗಳಿಗೂ ಇದು ಗೊತ್ತಿರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.
– ಎಸ್.