ಬಿ-ಖಾತಾ ಆಗಿರೋ ರೆವಿನ್ಯೂ ಸೈಟು ತಗೋಬಹುದಾ?

ಕೊಂಡಜ್ಜಿರಸ್ತೆ:
ದಾವಣಗೆರೆ ಪಾಲಿಕೆ ವ್ಯಾಪ್ತಿಯ ಅಂಚಿನಲ್ಲಿ ಒಂದು 30x40 ಸೈಟು ನೋಡಿದ್ದೀವಿ. ರೆವಿನ್ಯೂ ಲೇಔಟು, ಅಂದ್ರೆ ಅನುಮೋದನೆ ಇಲ್ಲದೆ ಕೃಷಿ ಜಮೀನಲ್ಲಿ ಮಾಡಿದ್ದು. ಮಾರುವವರ ಹೆಸರಲ್ಲಿ 2019ರ ಕ್ರಯಪತ್ರ ಇದೆ, 2025ರ ಖಾತಾ ಆಂದೋಲನದಲ್ಲಿ ಬಿ-ಖಾತಾನೂ (ಅನಧಿಕೃತ ಸೈಟಿಗೆ ಕೊಡೋ ಖಾತೆ) ಆಗಿದೆ. "ಸರ್ಕಾರವೇ ಖಾತೆ ಕೊಟ್ಟಮೇಲೆ ಸಕ್ರಮ ಆದಂಗೇ" ಅಂತ ಬ್ರೋಕರ್ ರೇಟು ಏರಿಸಿದ್ದಾರೆ. ಈಗ ಅಗ್ರಿಮೆಂಟು, ಜಿಪಿಎ (ಅಧಿಕಾರ ಪತ್ರ) ಮಾಡ್ಕೊಳ್ಳಿ, ನೋಂದಣಿ ಆಮೇಲೆ ನೋಡೋಣ ಅಂತಾರೆ. ಬ್ಯಾಂಕ್ ಸಾಲ ಸಿಗದಿದ್ರೆ ನಮಗೆ ಮನೆ ಕಟ್ಟಕ್ಕಾಗಲ್ಲ. ತಿಳಿದವರು ಹೇಳಿ.

ಪತ್ರಬರಹಗಾರ:
ಬ್ರೋಕರ್ ಹೇಳಿದ್ದರಲ್ಲಿ ಅರ್ಧ ನಿಜ. 2024ರ ಸೆಪ್ಟೆಂಬರ್ 10ಕ್ಕಿಂತ ಮುಂಚಿನ ಅನಧಿಕೃತ ಬಡಾವಣೆ ಸೈಟುಗಳಿಗೆ ಬಿ-ಖಾತಾ ಕೊಡೋಕೆ ಕಾನೂನು ತಿದ್ದಿದ್ರು. ಮೊದಲ ವರ್ಷ ದುಪ್ಪಟ್ಟು ಕಂದಾಯ, ಆಮೇಲೆ ಮಾಮೂಲು. ಕಂದಾಯ ಕಟ್ಟಿಸಿಕೊಳ್ಳೋಕೆ ಪಾಲಿಕೆ ಪುಸ್ತಕಕ್ಕೆ ಹೆಸರು ಸೇರಿತು, ಅಷ್ಟೇ. ಅದರಿಂದ ಲೇಔಟಿಗೆ ಅನುಮೋದನೆ ಬರಲಿಲ್ಲ, ಜಮೀನು ಕೃಷಿಯಿಂದ ಕೃಷಿಯೇತರಕ್ಕೆ ಕನ್ವರ್ಶನ್ನೂ ಆಗಲಿಲ್ಲ. ದಂಡ ಕಟ್ಟಿಸಿಕೊಂಡು ಸಕ್ರಮ ಮಾಡೋ ಅಕ್ರಮ-ಸಕ್ರಮ ಯೋಜನೆ ಬೇರೆ ಕತೆ, ಅದಕ್ಕೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು.

ಇಂಥದ್ದೇ ಒಂದು ಸೈಟಿನ ಕಾಗದ ನನ್ನ ಮೇಜಿಗೆ ಬಂದಿತ್ತು. ಖಾತೆಯಲ್ಲಿ ಖಾಲಿ ನಿವೇಶನ. ಅದೇ ಸರ್ವೆ ನಂಬರಿನ ಪಹಣಿ ತೆಗೆದರೆ ಬೆಳೆ ಮೆಕ್ಕೆಜೋಳ! 11ನೇ ಕಾಲಂನಲ್ಲಿ ಮೂಲ ರೈತನ ಸೊಸೈಟಿ ಸಾಲ ಹಾಗೇ ಕೂತಿತ್ತು. ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ 20 ಅಡಿ ರಸ್ತೆ", ಸ್ಥಳದಲ್ಲಿ ಆ ರಸ್ತೆ ಮೇಲೆ ಪಕ್ಕದವರ ದನದ ಕೊಟ್ಟಿಗೆ.

ನನಗೆ ಬಿ-ಖಾತಾಗಿಂತ ಜಿಪಿಎ ಮಾತೇ ಅನುಮಾನ. ಜಿಪಿಎ ಮೂಲಕ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟಿನ 2011ರ ಸೂರಜ್ ಲ್ಯಾಂಪ್ ತೀರ್ಪು ಹೇಳಿ ಆಗಿದೆ. ಕ್ರಯಪತ್ರ ಇದೆ, ಬಿ-ಖಾತಾ ಇದೆ ಅಂದ್ರೆ ನೇರ ನೋಂದಣಿಗೆ ಏನಡ್ಡಿ? ಅದನ್ನು ಕೇಳಿ ನೋಡಿ.

ಸಾಲವಿಭಾಗ:
ಸಾಲದ ವಿಷಯ ನಾನು ಹೇಳ್ತೀನಿ. 2024ರ ಡಿಸೆಂಬರ್ 17ಕ್ಕೆ ಮೀರತ್‌ನ ಒಂದು ಕಟ್ಟಡದ ಕೇಸಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ನಿರ್ದೇಶನ ಕೊಟ್ಟಿದೆ: ಕಟ್ಟಡದ ಮೇಲೆ ಸಾಲ ಕೊಡೋ ಮುಂಚೆ ಬ್ಯಾಂಕು ಸಿಸಿ (ಕಟ್ಟಡ ಪೂರ್ಣಗೊಂಡ ಪತ್ರ), ಓಸಿ (ವಾಸಕ್ಕೆ ಅನುಮತಿ ಪತ್ರ) ನೋಡಲೇಬೇಕು, ಕರೆಂಟು-ನೀರಿನ ಸಂಪರ್ಕಕ್ಕೂ ಅದೇ. ಪ್ಲಾನೇ ಪಾಸಾಗದ ಜಾಗಕ್ಕೆ ಅವು ಸಿಗಲ್ಲ, ಅಂಥ ಫೈಲು ನಮ್ಮ ಲೀಗಲ್ ಅಡ್ವೊಕೇಟ್ ಹತ್ರಾನೇ ನಿಲ್ಲುತ್ತೆ.

ಯಲಹಂಕ_ಮಂಜ:
ಬೆಂಗಳೂರಲ್ಲಿ ಬಿ-ಖಾತಾ ಇದ್ದದ್ದು ಎ-ಖಾತಾ (ಅಧಿಕೃತ ಖಾತೆ) ಮಾಡ್ಕೊಡ್ತಾರಲ್ಲ ಸರ್?

ಪತ್ರಬರಹಗಾರ:
2025ರ ನವೆಂಬರಲ್ಲಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ವ್ಯಾಪ್ತಿಗೆ ಶುರು ಮಾಡಿದ್ರು, ಆಗ ಮಾರ್ಗಸೂಚಿ ಬೆಲೆಯ ಶೇ. 5 ಕಟ್ಟಬೇಕಿತ್ತು. ದಾವಣಗೆರೆ ಸೈಟಿಗೆ ಅದನ್ನ ತೋರಿಸಿ ರೇಟು ಏರಿಸಿದ್ರೆ ಒಪ್ಪಬೇಡಿ. ಈ ಸೈಟು ಎ ಆಗುತ್ತಾ ಅಂತ ಪಾಲಿಕೆಯಿಂದ ಬರಹದಲ್ಲಿ ತರೋದು ಮಾರುವವರ ಕೆಲಸ.

ಕೊಂಡಜ್ಜಿರಸ್ತೆ:
ನೋಂದಣಿಗೆ ಏನಡ್ಡಿ ಅಂತ ಕೇಳಿದೆ ಸರ್. "ಅಣ್ಣತಮ್ಮಂದಿರ ಒಂದು ಸಣ್ಣ ಕೇಸಿದೆ, ಮುಗಿಯುತ್ತೆ" ಅಂದ್ರು.

ಪತ್ರಬರಹಗಾರ:
ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೇಸ್ ನಂಬರ್ ಇಸ್ಕೊಂಡು ಇಲ್ಲಿ ಹಾಕ್ಬೇಡಿ, ಒಬ್ಬ ವಕೀಲರಿಗೆ ತೋರಿಸಿ.