ಗಲಾಟೆ ಮಾಡದ ಮಗುವಿಗೂ ಎಡಿಎಚ್‌ಡಿ ಇರುತ್ತದಾ?

ಪ್ರಶ್ನೆ: ಡಾಕ್ಟ್ರೇ, ಮಗಳು ಐದನೇ ಕ್ಲಾಸು. ತಂಟೆ ತಕರಾರು ಏನೂ ಇಲ್ಲ. ಆದರೆ ಎರಡು ಲೆಕ್ಕ ಮಾಡೋಕೆ ಒಂದು ಗಂಟೆ. ಬಾಟಲಿ, ಸ್ವೆಟರ್ ಶಾಲೆಯಲ್ಲೇ ಬಿಟ್ಟು ಬರುತ್ತಾಳೆ. ಚಿತ್ರ ಬರೆಯಲು ಕೂತರೆ ಮಾತ್ರ ಊಟಕ್ಕೂ ಏಳುವುದಿಲ್ಲ. ಟೀಚರ್ ಎಡಿಎಚ್‌ಡಿ ಇರಬಹುದು ಅಂದರು. ನಮ್ಮತ್ತೆ ಸೋಮಾರಿತನ ಅನ್ನುತ್ತಾರೆ.

ಉತ್ತರ (ಮಕ್ಕಳ ಮನೋವೈದ್ಯೆ): ಟೀಚರ್ ಗಮನಿಸಿದ್ದು ಒಳ್ಳೆಯದಾಯಿತಮ್ಮ. ಎಡಿಎಚ್‌ಡಿ ಅಂದರೆ ಗಮನ ನಿಲ್ಲಿಸಲು ಅಥವಾ ಸುಮ್ಮನೆ ಕೂರಲು ಕಷ್ಟವಾಗುವ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಕುರ್ಚಿ ಮೇಲೆ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ನೆ ಕಿಟಕಿ ನೋಡುತ್ತಾ ಕೂರುವ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗಮನದ ತೊಂದರೆಯೇ ಮುಖ್ಯವಾಗಿರುವ ಎಡಿಎಚ್‌ಡಿ ಕೂಡ ಇದೆ.

ಇದಕ್ಕೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ಕಣ್ಣು, ಕಿವಿ, ನಿದ್ದೆ, ಓದು-ಬರಹದ ಕಲಿಕೆಯ ತೊಂದರೆ ಇವನ್ನೂ ನೋಡಿಸಿ.

ಚಿತ್ರಕ್ಕೆ ಕೂರುತ್ತಾಳೆ ಅಂದರೆ ನಾಟಕ ಅಲ್ಲ. ಇಷ್ಟವಾದದ್ದು ತಾನಾಗಿ ಎಳೆದುಕೊಳ್ಳುತ್ತದೆ. ಬೇಜಾರಿನ ಕೆಲಸಕ್ಕೆ ಮನಸ್ಸು ತಿರುಗಿಸುವುದೇ ಇವರಿಗೆ ಕಷ್ಟ. ಬಾಟಲಿ ತರಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು, ಗಂಟೆ ಹೊಡೆದಾಗ ನೆನಪಾಗುವುದಿಲ್ಲ ಅಷ್ಟೇ. ಬೆಳಿಗ್ಗೆ ಮನೆಯಲ್ಲಿ ಹತ್ತು ಸಲ ಹೇಳಿ ಏನು ಪ್ರಯೋಜನ? ಬ್ಯಾಗಿನ ಮುಚ್ಚಳದ ಒಳಗೇ ಚೀಟಿ ಅಂಟಿಸಿ. ಹೋಂವರ್ಕ್ ಹತ್ತು ಹತ್ತು ನಿಮಿಷಕ್ಕೆ ಒಡೆಯಿರಿ. ನೀವು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತರೂ ಸಾಕು. ಒಂದು ಲೆಕ್ಕ ಮುಗಿದಾಗ ಆಗಲೇ ಶಭಾಷ್ ಅನ್ನಿ. ಪರೀಕ್ಷೆ ಆದಮೇಲೆ ಸೈಕಲ್ ಕೊಡಿಸ್ತೀನಿ ಅನ್ನುವ ಮಾತು ಇವರಿಗೆ ನಾಟುವುದಿಲ್ಲ, ಅದು ತುಂಬಾ ದೂರ. ಏಟಂತೂ ಬೇಡವೇ ಬೇಡ.

ಪ್ರಶ್ನೆ: ನಮ್ಮ ಯಜಮಾನರೂ ಹೀಗೇ. ಬೈಕ್ ಕೀ ಹುಡುಕದ ದಿನವಿಲ್ಲ, ಕರೆಂಟ್ ಬಿಲ್ ಸದಾ ತಡ.

ಉತ್ತರ: ಇರಬಹುದು. ಇದು ವಂಶದಲ್ಲಿ ಬರುವುದು ಜಾಸ್ತಿ, ಮತ್ತು ಎಷ್ಟೋ ಜನರಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ. ಅವರೂ ಮನೋವೈದ್ಯರಿಗೆ ತೋರಿಸಲಿ. ಹೋಗುವಾಗ ನಿಮ್ಮತ್ತೆಯವರನ್ನೂ ಕರೆದುಕೊಂಡು ಹೋಗಿ. ಮಗನ ಚಿಕ್ಕಂದಿನ ವಿಷಯ ಅವರೇ ಹೇಳಬೇಕು ಅಲ್ವಾ! ಹಳೆಯ ಮಾರ್ಕ್ಸ್ ಕಾರ್ಡಿನಲ್ಲಿ ಟೀಚರ್ ಬರೆದ ಸಾಲುಗಳೂ ಉಪಯೋಗಕ್ಕೆ ಬರುತ್ತವೆ.

ಇನ್ನೊಬ್ಬರ ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ಎಡಿಎಚ್‌ಡಿಗೆ ಅಂತ ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದಿದ್ದಾರೆ. ಚಟ ಹತ್ತುತ್ತದೆ ಅನ್ನುತ್ತಾರೆ, ಭಯ.

ಉತ್ತರ: ದಶಕಗಳಿಂದ ಬಳಕೆಯಲ್ಲಿರುವ ಔಷಧಿ ಸಾರ್. ವೈದ್ಯರು ಹೇಳಿದ ಪ್ರಮಾಣದಲ್ಲಿ, ಅವರ ನಿಗಾದಲ್ಲಿ ಕೊಟ್ಟರೆ ಮಕ್ಕಳಿಗೆ ಚಟ ಹತ್ತುವುದು ತೀರಾ ಅಪರೂಪ. ದುರುಪಯೋಗ ಆಗಬಹುದು ಅಂತಲೇ ಕಾನೂನು ಇದನ್ನು ಬಿಗಿಯಾಗಿ ಇಟ್ಟಿದೆ, ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಕೊಡುವಂತಿಲ್ಲ. ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು. ಹಾಗಾಗಿ ಬೆಳಿಗ್ಗೆ ತಿಂಡಿ ಚೆನ್ನಾಗಿ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ. ಪ್ರತಿ ಭೇಟಿಯಲ್ಲೂ ತೂಕ, ಎತ್ತರ, ಬಿಪಿ ನೋಡಿಸಿ. ಹೊಂದಿಕೆಯಾಗದಿದ್ದರೆ ಅಟೊಮಾಕ್ಸೆಟಿನ್‌ನಂಥ ಬೇರೆ ಔಷಧಿಯೂ ಇದೆ. ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು.